ಫಿರಕಿ ಚೆಂಡಿನ ಕೊನೆಯ ಗಳಿಗೆ

‘ಸರ್, ಫಿರಕಿ ಚೆಂಡು ನೆಲಕ್ಕ ಬೀಳೂಕಿಂತ ಮೊದಲೇ ಹವಾದಾಗ ಬಗ್ತದ ಅಂತಾರಲ್ರಿ, ಅದು ಖರೇನ? ಇಲ್ಲಾ ಟಿ.ವಿ.ಯವರು ಕಂಪ್ಯೂಟರಿನಾಗ ಗೆರಿ ಬಗ್ಗಿಸಿ ತೋರಸ್ತಾರೇನು?’

ಶಿರೂರ ಅನಂತಪಾಳದ ಕಡೆಯಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಿಲಂಗಾ, ಉದಗೀರ, ಉಮರ್ಗಾದ ಓದುಗರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಸೋಯಾಬೀನ್ ರಾಶಿ ಮುಗಿದು ಹೊಲ ಖಾಲಿಯಾಯಿತೆಂದರೆ ಈ ಸೀಮೆಯಲ್ಲಿ ಟೆನಿಸ್ ಚೆಂಡಿನ ಪಂದ್ಯಗಳು ಶುರುವಾಗುತ್ತವೆ. ಅಂಪೈರ್ ಮರಾಠಿಯಲ್ಲಿ ತೀರ್ಪು ಕೂಗುತ್ತಾನೆ, ಬೌಲರ್ ಕನ್ನಡದಲ್ಲಿ ವಾದ ಹೂಡುತ್ತಾನೆ. ಅಲ್ಲಿ ದಿನವಿಡೀ ಚೆಂಡನ್ನು ನೋಡುವ ಹುಡುಗರಿಗೆ ಈ ಅನುಮಾನ ಬಂದಿದೆ ಎಂದರೆ ಅವರು ಸರಿಯಾಗಿಯೇ ನೋಡುತ್ತಿದ್ದಾರೆ ಎಂದರ್ಥ. ಫಿರಕಿ, ಅಂದರೆ ಸ್ಪಿನ್, ಚೆಂಡು ಗಾಳಿಯಲ್ಲಿ ನಿಜಕ್ಕೂ ಬಾಗುತ್ತದೆ. ಆ ಬಾಗುವಿಕೆಯನ್ನು ಲೆಕ್ಕ ಹಾಕಬಹುದು. ಹತ್ತನೆಯ ತರಗತಿಯ ಗಣಿತ ಬಲ್ಲವರು ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ಅಥವಾ ಶಾಲೆಯ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ತಾವೇ ಹಾಕಿ ನೋಡಬಹುದು. ಇವತ್ತು ಹೇಳಬೇಕಾದ್ದು ಮುಖ್ಯವಾಗಿ ಇದನ್ನೇ.

ಮೊದಲು ಟಿ.ವಿ.ಯ ಗೆರೆಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದು ಬೇರೆಯೇ ಕಥೆ. ಹಾಕ್‌ಐ ಎಂಬ ಆ ವ್ಯವಸ್ಥೆಯನ್ನು ರೂಪಿಸಿದವರು ಇಂಗ್ಲೆಂಡಿನ ಪಾಲ್ ಹಾಕಿನ್ಸ್. ಕ್ರಿಕೆಟ್‌ನಲ್ಲಿ ಅದು ಮೊದಲು ಕಾಣಿಸಿದ್ದು 2001ರ ಲಾರ್ಡ್ಸ್ ಟೆಸ್ಟಿನ ಟಿ.ವಿ. ಪ್ರಸಾರದಲ್ಲಿ. ಮೈದಾನದ ಸುತ್ತಲಿನ ಹಲವು ಕ್ಯಾಮೆರಾಗಳು ಒಂದೇ ಕ್ಷಣದಲ್ಲಿ ಚೆಂಡನ್ನು ಬೇರೆ ಬೇರೆ ಕೋನದಿಂದ ಹಿಡಿಯುತ್ತವೆ. ಆ ಚಿತ್ರಗಳನ್ನು ಹೊಂದಿಸಿ ಚೆಂಡು ಯಾವ ಗಳಿಗೆಯಲ್ಲಿ ಎಲ್ಲಿತ್ತು ಎಂದು ಕಂಡುಹಿಡಿಯುತ್ತಾರೆ. ಪ್ಯಾಡಿಗೆ ಬಡಿಯುವ ತನಕ ನೀವು ನೋಡುವ ಗೆರೆ ಕಣ್ಣಿಗೆ ಕಂಡ ದಾರಿ. ಅಲ್ಲಿಂದ ಸ್ಟಂಪಿನವರೆಗಿನ ತುಂಡು ಮಾತ್ರ ಊಹೆ, ಅದೂ ಪುಟಿದ ಮೇಲೆ ಕಂಡ ದಾರಿಯನ್ನೇ ಮುಂದಕ್ಕೆ ಎಳೆದ ಊಹೆ. ಪುಟಿದ ಜಾಗಕ್ಕೂ ಪ್ಯಾಡಿಗೂ ನಡುವೆ ಅಂತರ ಕಡಿಮೆಯಿದ್ದಷ್ಟೂ ಎಳೆಯಲು ಆಧಾರ ಕಡಿಮೆ. ‘ಅಂಪೈರ್ಸ್ ಕಾಲ್’ ಎಂಬ ನಿಯಮ, ಅಂದರೆ ತೀರ ಅಂಚಿನ ಸಂದರ್ಭದಲ್ಲಿ ಮೈದಾನದ ಅಂಪೈರ್ ಕೊಟ್ಟ ತೀರ್ಪನ್ನೇ ಉಳಿಸುವ ನಿಯಮ, ಇರುವುದೂ ಈ ಅನಿಶ್ಚಿತತೆಗೆ ಜಾಗ ಬಿಡಲಿಕ್ಕಾಗಿ. 2008ರಲ್ಲಿ ಶ್ರೀಲಂಕಾದ ಟೆಸ್ಟ್ ಸರಣಿಯಲ್ಲಿ ಅಂಪೈರ್ ತೀರ್ಪನ್ನು ತಂಡಗಳು ಪ್ರಶ್ನಿಸುವ ಮರುಪರಿಶೀಲನೆ ಪದ್ಧತಿಯ (ಡಿಆರ್‌ಎಸ್) ಮೊದಲ ಪ್ರಯೋಗ ನಡೆದಾಗ ಭಾರತದ ನಾಯಕ ಅನಿಲ್ ಕುಂಬ್ಳೆ. ಭಾರತ ಆಮೇಲೆ ಬಹಳ ವರ್ಷ ಅದನ್ನು ಒಪ್ಪಲಿಲ್ಲ. ಐಸಿಸಿ ಈ ತಂತ್ರಜ್ಞಾನವನ್ನು ಅಮೆರಿಕದ ಎಂಐಟಿಯ ಎಂಜಿನಿಯರುಗಳಿಂದ ಪರೀಕ್ಷೆ ಮಾಡಿಸಿತು. ಆಗ ಅದರ ಕ್ರಿಕೆಟ್ ಸಮಿತಿಯ ಅಧ್ಯಕ್ಷರೂ ಕುಂಬ್ಳೆಯವರೇ. ಕೊನೆಗೆ ಭಾರತ 2016ರಲ್ಲಿ ಒಪ್ಪಿಕೊಂಡಿತು. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಸ್ಪಿನ್ನರ್ ಒಬ್ಬರು ಈ ಇಡೀ ವ್ಯವಹಾರದ ನಡುವೆ ಇದ್ದದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅವರ ಹೆಸರಿನಲ್ಲಿರುವ ಕುಂಬ್ಳೆ ಕಾಸರಗೋಡಿನ ಊರು. ನಮ್ಮ ಶಿರೂರಿನಂತೆಯೇ ಅದೂ ರಾಜ್ಯದ ಗಡಿಯಾಚೆ ಉಳಿದ ಕನ್ನಡದ ನೆಲ.

ಹಾಕ್‌ಐ ಕಂಡದ್ದನ್ನು ಮುಂದುವರಿಸುತ್ತದೆ. ಚೆಂಡು ಏಕೆ ಹಾಗೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಸಿಮ್ಯುಲೇಶನ್ ಮಾಡಬೇಕು. ಅಂದರೆ ಚೆಂಡಿನ ಮೇಲೆ ಯಾವ ಯಾವ ಬಲ ಬೀಳುತ್ತದೆ ಎಂದು ಬರೆದುಕೊಂಡು, ಆ ಬಲಗಳಿಂದಲೇ ಅದರ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟಬೇಕು. ಬಲಗಳು ಮೂರೇ. ಭೂಮಿ ಕೆಳಕ್ಕೆಳೆಯುವುದು ಒಂದು. ಗಾಳಿ ಎದುರಿನಿಂದ ತಡೆಯುವುದು ಇನ್ನೊಂದು. ಚೆಂಡು ಸುತ್ತುವುದರಿಂದ ಹುಟ್ಟುವ ಪಕ್ಕದ ತಳ್ಳು ಮೂರನೆಯದು.

ನಮ್ಮ ಪಠ್ಯಪುಸ್ತಕಗಳ ಬಗ್ಗೆ ನನಗಿರುವ ಒಂದು ತಕರಾರನ್ನು ಇಲ್ಲಿ ಹೇಳಲೇಬೇಕು. ಎಸೆದ ವಸ್ತುವಿನ ಚಲನೆ ಎಂಬ ಪಾಠ ಬಂದಾಗ ‘ಗಾಳಿಯ ಪ್ರತಿರೋಧವನ್ನು ಗಣನೆಗೆ ತೆಗೆದುಕೊಳ್ಳಬಾರದು’ ಎಂಬ ವಾಕ್ಯ ಇರುತ್ತದೆ. ಆಮೇಲೆ ಅಂದವಾದ ಪರವಲಯ ಬರೆಸಿ ಪಾಠ ಮುಗಿಸುತ್ತಾರೆ. ಕಲ್ಲು ಎಸೆದರೆ ಅದು ಹೆಚ್ಚುಕಡಿಮೆ ಸರಿ. ಚೆಂಡಿಗೆ ಸರಿಯಲ್ಲ. ಕ್ರಿಕೆಟ್ಟಿನ ಚರ್ಮದ ಚೆಂಡಿನ ತೂಕ ಸುಮಾರು 160 ಗ್ರಾಂ, ಅಡ್ಡಳತೆ 7.2 ಸೆಂಟಿಮೀಟರ್. ಸ್ಪಿನ್ನರ್ ಅದನ್ನು ಗಂಟೆಗೆ 80 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 22 ಮೀಟರಿನಂತೆ ಬಿಟ್ಟರೆ, ಗಾಳಿಯ ತಡೆ ಆ ಚೆಂಡಿನ ತೂಕದ ಮೂರನೇ ಒಂದು ಪಾಲಿನಷ್ಟಿರುತ್ತದೆ. ಹೊಲದಲ್ಲಿ ಆಡುವ ಟೆನಿಸ್ ಚೆಂಡನ್ನು ತೆಗೆದುಕೊಳ್ಳಿ. ಅದರ ತೂಕ 57 ಗ್ರಾಂ ಆಸುಪಾಸು, ಗಾತ್ರ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅದರ ಮೇಲಿನ ಗಾಳಿಯ ತಡೆ ಅದರ ತೂಕದ ಮುಕ್ಕಾಲು ಪಾಲನ್ನೂ ಮೀರುತ್ತದೆ. ಹೆಚ್ಚುಕಡಿಮೆ ಭೂಮಿ ಎಳೆಯುವಷ್ಟೇ ಜೋರಾಗಿ ಗಾಳಿಯೂ ತಡೆಯುತ್ತಿರುವಾಗ ಅದನ್ನು ಬಿಟ್ಟು ಲೆಕ್ಕ ಹಾಕಿ ಎಂದು ಮಕ್ಕಳಿಗೆ ಹೇಳುವುದು ನ್ಯಾಯವಲ್ಲ. ದಿನಾ ಸಂಜೆ ಹೊಲದಲ್ಲಿ ಕಾಣುವ ಚೆಂಡಿಗೂ ಪುಸ್ತಕದ ಚೆಂಡಿಗೂ ಸಂಬಂಧವೇ ಇಲ್ಲವೆಂದು ಅವರು ಅಂದುಕೊಂಡರೆ ತಪ್ಪು ಯಾರದು?

ಸುತ್ತುವ ಚೆಂಡನ್ನು ಗಾಳಿ ಪಕ್ಕಕ್ಕೆ ಏಕೆ ತಳ್ಳುತ್ತದೆ? ಚೆಂಡಿನ ಮೈಗೆ ತೀರ ತೆಳುವಾದ ಒಂದು ಗಾಳಿಯ ಪದರ ಅಂಟಿಕೊಂಡಿರುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಈ ಪದರದ ಮಹತ್ವವನ್ನು ತೋರಿಸಿಕೊಟ್ಟ ಮೇಲೆಯೇ ಚೆಂಡಿನ ಹಾರಾಟ ಸರಿಯಾಗಿ ಅರ್ಥವಾದದ್ದು. ಮುಂದಿನಿಂದ ಬರುವ ಗಾಳಿ ಈ ಪದರದ ಜೊತೆ ಚೆಂಡಿನ ಎರಡೂ ಕಡೆ ಹರಿದು, ಹಿಂಭಾಗಕ್ಕೆ ಬರುವಾಗ ಮೈಬಿಟ್ಟು ಸಿಡಿಯುತ್ತದೆ. ಚೆಂಡು ಸುತ್ತದೆ ಇದ್ದರೆ ಎರಡೂ ಕಡೆ ಒಂದೇ ಹಂತದಲ್ಲಿ ಸಿಡಿಯುತ್ತದೆ. ಟಾಪ್‌ಸ್ಪಿನ್ ಇದ್ದಾಗ ಚೆಂಡಿನ ಮೇಲ್ಭಾಗ ಮುಂದಕ್ಕೆ, ಬರುವ ಗಾಳಿಗೆ ಎದುರಾಗಿ ತಿರುಗುತ್ತಿರುತ್ತದೆ. ಅಲ್ಲಿ ಗಾಳಿ ಬೇಗ ಮೈಬಿಡುತ್ತದೆ. ಕೆಳಭಾಗ ಗಾಳಿ ಹೋಗುವ ದಿಕ್ಕಿಗೇ ಸಾಗುತ್ತಿರುವುದರಿಂದ ಅಲ್ಲಿ ತಡವಾಗಿ ಬಿಡುತ್ತದೆ, ಹಿಂಭಾಗವನ್ನು ಬಳಸಿ ಮೇಲಕ್ಕೆ ಹೊರಳುತ್ತದೆ. ಚೆಂಡು ಗಾಳಿಯನ್ನು ಮೇಲಕ್ಕೆ ಎಸೆಯಿತು ಎಂದರೆ ಗಾಳಿ ಚೆಂಡನ್ನು ಕೆಳಕ್ಕೆ ಒತ್ತಲೇಬೇಕು. ಕಮೆಂಟರಿಯಲ್ಲಿ ‘ಡಿಪ್’ ಎನ್ನುವುದು ಇದಕ್ಕೇ.

ಈ ಬಲಕ್ಕೆ ಬರ್ಲಿನ್ನಿನ ಹೈನ್ರಿಕ್ ಮ್ಯಾಗ್ನಸ್ ಹೆಸರು ನಿಂತಿದೆ. ಅವನು ಪ್ರಯೋಗ ಮಾಡಿದ್ದು 1852ರಲ್ಲಿ. ಆದರೆ ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ನ್ಯೂಟನ್ 1672ರ ಪತ್ರದಲ್ಲೇ ಬರೆದಿದ್ದ, ಅದೂ ಬೆಳಕಿನ ಬಗ್ಗೆ ಬರೆಯುವಾಗ. ನಡುವೆ ಬಂದ ಬೆಂಜಮಿನ್ ರಾಬಿನ್ಸ್ ನಮ್ಮ ನಾಡಿಗೆ ಹೆಚ್ಚು ಹತ್ತಿರದವನು. ತೋಪಿನ ವಿದ್ಯೆಯ ಮೇಲೆ 1742ರಲ್ಲಿ ಅವನು ಬರೆದ ಪುಸ್ತಕ ಯುರೋಪಿನಲ್ಲೆಲ್ಲ ಹೆಸರಾಯಿತು. ಗುಂಡು ನಳಿಗೆಯ ಒಳಗೋಡೆಗೆ ಉಜ್ಜಿ ಸುತ್ತುತ್ತಾ ಹೊರಡುತ್ತದೆ, ಸುತ್ತುವುದರಿಂದಲೇ ದಾರಿ ತಪ್ಪುತ್ತದೆ ಎಂಬುದು ಅವನ ವಾದ. ಅದನ್ನು ತೋರಿಸಲು ಬಂದೂಕಿನ ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿದ. ಗುಂಡು ಮೊದಲು ಎಡಕ್ಕೆ ಹೊರಟಿತು, ದೂರ ಹೋದಂತೆ ಬಲಕ್ಕೆ ತಿರುಗಿತು. ನಳಿಗೆಯ ಬಲಗೋಡೆಗೆ ಉಜ್ಜಿ ಹೊರಟ ಗುಂಡಿಗೆ ಆ ಉಜ್ಜಾಟವೇ ಸುತ್ತು ಕೊಟ್ಟಿತ್ತು. ಅವನ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದ ಮಹಾಗಣಿತಜ್ಞ ಆಯ್ಲರನೇ ಇದನ್ನು ಒಪ್ಪಲಿಲ್ಲ. ಗುಂಡು ಪೂರ್ತಿ ಉರುಟಾಗಿಲ್ಲದ್ದಕ್ಕೆ ಹೀಗಾಗುತ್ತದೆ ಎಂದ. ರಾಬಿನ್ಸ್ ಹೇಳಿದ್ದೇ ಸರಿ ಎಂದು ತಿಳಿಯಲು ಕಾಲ ಹಿಡಿಯಿತು. ಆ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಫೋರ್ಟ್ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಅದಾಗಿ ಒಂಬತ್ತು ವರ್ಷಕ್ಕೆ, 1760ರಲ್ಲಿ, ನಮ್ಮ ಉದಗೀರದ ಬಯಲಿನಲ್ಲಿ ಮರಾಠರ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ. ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಆ ಯುದ್ಧದಲ್ಲಿದ್ದವು. ಉರುಟು ಗುಂಡುಗಳು, ನುಣುಪು ನಳಿಗೆಗಳು. ಒಂದೊಂದು ಗುಂಡೂ ತನ್ನಿಷ್ಟದಂತೆ ಸುತ್ತುತ್ತಾ, ರಾಬಿನ್ಸ್ ಹೇಳಿದ ಹಾಗೆಯೇ ಗುರಿ ಬಿಟ್ಟು ಸರಿಯುತ್ತಿತ್ತು. ಉದಗೀರದ ಕೋಟೆ ನೋಡಲು ಹೋಗುವ ಮಕ್ಕಳಿಗೆ ಈ ವಿಜ್ಞಾನವನ್ನೂ ಒಂದು ಮಾತಿನಲ್ಲಿ ಹೇಳಬೇಕೆಂಬುದು ನನ್ನ ಆಸೆ.

ಇನ್ನು ಲೆಕ್ಕ. ಹಾಳೆಯ ಮೊದಲ ಸಾಲಿನಲ್ಲಿ ಚೆಂಡು ಬೌಲರನ ಕೈಬಿಟ್ಟ ಕ್ಷಣವನ್ನು ಬರೆಯಿರಿ. ನೆಲದಿಂದ ಎತ್ತರ 2.1 ಮೀಟರ್, ವೇಗ ಸೆಕೆಂಡಿಗೆ 22 ಮೀಟರ್, ಕೈಬಿಟ್ಟಾಗ ಮೂರು ಡಿಗ್ರಿ ಮೇಲ್ಮುಖ. ಸುತ್ತು ಸೆಕೆಂಡಿಗೆ 35. ಟಿ.ವಿ.ಯಲ್ಲಿ ತೋರಿಸುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಲೆಕ್ಕದಲ್ಲಿ ಇದು 2100, ಒಳ್ಳೆಯ ಸ್ಪಿನ್ನರನ ಸುತ್ತು. ಈಗ ಸೆಕೆಂಡಿನ ನೂರನೇ ಒಂದು ಭಾಗ ಮುಂದೆ ಹೋಗಿ. ಅಷ್ಟರಲ್ಲಿ ಚೆಂಡು 22 ಸೆಂಟಿಮೀಟರ್ ಮುಂದೆ ಬಂದಿದೆ. ಗಾಳಿಯ ತಡೆಯಿಂದ ಅದರ ಮುನ್ನಡೆಯ ವೇಗ ಸೆಕೆಂಡಿಗೆ 3.3 ಸೆಂಟಿಮೀಟರಿನಷ್ಟು ಇಳಿದಿದೆ. ಭೂಮಿಯ ಎಳೆತದಿಂದ ಕೆಳಮುಖ ವೇಗ ಸೆಕೆಂಡಿಗೆ 9.8 ಸೆಂಟಿಮೀಟರ್ ಕೂಡಿದೆ. ಸುತ್ತು ಪೂರ್ತಿ ಟಾಪ್‌ಸ್ಪಿನ್ ಆಗಿದ್ದರೆ ಅದು ಇನ್ನೊಂದು 2 ಸೆಂಟಿಮೀಟರ್ ಸೇರಿಸುತ್ತದೆ. ಎರಡನೇ ಸಾಲಿನಲ್ಲಿ ಈ ಹೊಸ ಜಾಗ, ಹೊಸ ವೇಗ ಬರೆಯಿರಿ. ಬಲಗಳನ್ನು ಮತ್ತೆ ಲೆಕ್ಕ ಹಾಕಿ, ಏಕೆಂದರೆ ವೇಗ ಬದಲಾದರೆ ಗಾಳಿಯ ಬಲವೂ ಬದಲಾಗುತ್ತದೆ. ಮೂರನೇ ಸಾಲಿಗೆ ಹೋಗಿ. ಎತ್ತರ ಸೊನ್ನೆಯಾಗುವ ತನಕ ಇದೇ ಕೆಲಸ. ಎಪ್ಪತ್ತು, ಎಪ್ಪತ್ತೈದು ಸಾಲಿಗೆ ಚೆಂಡು ನೆಲ ಮುಟ್ಟುತ್ತದೆ.

ಒಂದು ಸಾಲಿನಲ್ಲಿ ಎರಡು ಸೆಂಟಿಮೀಟರ್ ವೇಗ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಈ ಸಾಲು ಸಾಲಿನ ಚಿಲ್ಲರೆ ಕೂಡುತ್ತಾ ಹೋಗಿ ಕೊನೆಗೆ ಚೆಂಡು ಅರ್ಧ ಮೀಟರಿನಷ್ಟು ಹೆಚ್ಚು ಇಳಿದಿರುತ್ತದೆ. ಚೆಂಡು ನೆಲದ ಕಡೆ ಓರೆಯಾಗಿ ಬರುವುದರಿಂದ, ಆ ಅರ್ಧ ಮೀಟರಿನ ಇಳಿತ ಪಿಚ್ಚಿನ ಉದ್ದದಲ್ಲಿ ದೊಡ್ಡದಾಗುತ್ತದೆ. ಸುತ್ತಿಲ್ಲದ ಚೆಂಡು ಕೈಬಿಟ್ಟ ಜಾಗದಿಂದ ಸುಮಾರು 16 ಮೀಟರ್ ದೂರದಲ್ಲಿ ಬಿದ್ದರೆ, ಅದೇ ಕೈಯಿಂದ ಅದೇ ವೇಗದಲ್ಲಿ ಹೊರಟ ಟಾಪ್‌ಸ್ಪಿನ್ ಚೆಂಡು 14.5 ಮೀಟರಿಗೇ ಬೀಳುತ್ತದೆ. ಒಂದೂವರೆ ಮೀಟರಿನ ವ್ಯತ್ಯಾಸ! ಬ್ಯಾಟ್ಸ್‌ಮನ್ ಮೊದಲ ನೋಟಕ್ಕೇ ಕಾಲು ಮುಂದಿಡಬೇಕೋ ಹಿಂದಿಡಬೇಕೋ ನಿರ್ಧರಿಸಬೇಕು. ಕಾಲ ಕೆಳಗೆ ಬೀಳುತ್ತದೆಂದು ಮುಂದೆ ಬಂದವನಿಗೆ ಚೆಂಡು ಒಂದೂವರೆ ಮೀಟರ್ ಮೊದಲೇ ಬಿದ್ದು ಎದ್ದು ಬಂದರೆ ಅವನ ಗತಿ ಏನಾಗಬೇಕು? ಕಡಿದಾಗಿ ಇಳಿದದ್ದರಿಂದ ಅದು ಪುಟಿಯುವುದೂ ಎತ್ತರಕ್ಕೆ. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಕುಂಬ್ಳೆ ಕಿತ್ತಾಗ ‘ಇವರ ಚೆಂಡು ತಿರುಗುವುದೇ ಇಲ್ಲ’ ಎಂಬ ಹಳೆಯ ಆಕ್ಷೇಪ ಎಲ್ಲಿ ಹೋಯಿತೋ. ಪಕ್ಕಕ್ಕೆ ತಿರುಗದ ಚೆಂಡಿನಲ್ಲೂ ಸುತ್ತು ತನ್ನ ಕೆಲಸ ಮಾಡುತ್ತಿರುತ್ತದೆ. ಅದು ಇಳಿತದಲ್ಲಿದೆ, ಪುಟಿತದಲ್ಲಿದೆ.

ಹಾಳೆಯಲ್ಲಿ ಒಂದು ಅಂಕಿ ಬದಲಿಸಿ ನೋಡುವುದು ನನಗೆ ತುಂಬ ಹಿಡಿಸುವ ಕೆಲಸ. ಸುತ್ತನ್ನು ಹಾಗೇ ಇಟ್ಟು ವೇಗ ಮಾತ್ರ ಹೆಚ್ಚಿಸಿದರೆ ಬಾಗುವಿಕೆ ಕಡಿಮೆಯಾಗುತ್ತದೆ. ವೇಗ ಹೆಚ್ಚಿದರೆ ಗಾಳಿಯ ಬಲ ಹೆಚ್ಚುವುದು ನಿಜ, ಆದರೆ ಚೆಂಡು ಗಾಳಿಯಲ್ಲಿರುವ ಸಮಯ ಕಡಿಮೆ. ಮುನ್ನಡೆಯ ವೇಗಕ್ಕೆ ಹೋಲಿಸಿದರೆ ಸುತ್ತಿನ ಪಾಲೂ ಕಡಿಮೆ. ಹಾಗಾಗಿ ಗಾಳಿಯಲ್ಲಿ ಆಡಿಸುವವನು ನಿಧಾನವಾಗಿ ಎಸೆಯಲೇಬೇಕು. ಬಿ.ಎಸ್. ಚಂದ್ರಶೇಖರ್ ದಾರಿಯೇ ಬೇರೆ. ಚಿಕ್ಕಂದಿನಲ್ಲಿ ಪೋಲಿಯೊದಿಂದ ಸೊರಗಿದ್ದ ಬಲಗೈಯಿಂದಲೇ ಅವರು ಬಹುತೇಕ ಮಧ್ಯಮ ವೇಗದಲ್ಲಿ ಗೂಗ್ಲಿ, ಟಾಪ್‌ಸ್ಪಿನ್ ಎಸೆಯುತ್ತಿದ್ದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಜಯ ಬಂತು. ಅವರ ಚೆಂಡಿನಲ್ಲಿ ಬ್ಯಾಟ್ಸ್‌ಮನ್‌ಗೆ ನೋಡಿ ತಿಳಿಯಲು ಸಮಯವೇ ಸಿಗುತ್ತಿರಲಿಲ್ಲ. ಎರಪಳ್ಳಿ ಪ್ರಸನ್ನ ಇದಕ್ಕೆ ತದ್ವಿರುದ್ಧ. ಅವರು ಸಮಯ ಕೊಟ್ಟು ಕೆಡವುತ್ತಿದ್ದರು. 1962ರಲ್ಲಿ ಟೆಸ್ಟ್ ಆಡಲು ಶುರುಮಾಡಿದ ಪ್ರಸನ್ನ, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದು ಕ್ರಿಕೆಟ್ ಬಿಟ್ಟು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಪೂರ್ತಿ ಮಾಡಿದರು. ಮತ್ತೆ ಟೆಸ್ಟ್ ತಂಡಕ್ಕೆ ಬಂದದ್ದು ಸುಮಾರು ಐದು ವರ್ಷದ ಮೇಲೆ. ಆಮೇಲೆ ಪಡೆದ ವಿಕೆಟ್‌ಗಳೂ ಸೇರಿ ಒಟ್ಟು 189. ಅಂಥ ಪ್ರತಿಭೆ ಓದಿಗಾಗಿ ಐದು ವರ್ಷ ಆಟ ಬಿಟ್ಟದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಪ್ರಸನ್ನರದು ಆಫ್‌ಸ್ಪಿನ್. ಸಿಮ್ಯುಲೇಶನ್ ತೋರಿಸುವ ಅತಿ ಸೊಗಸಾದ ಸಂಗತಿ ಅಡಗಿರುವುದೂ ಆಫ್‌ಸ್ಪಿನ್ನಿನಲ್ಲೇ. ಚೆಂಡು ಯಾವ ಗೆರೆಯನ್ನು ನಡುವಿಟ್ಟುಕೊಂಡು ಸುತ್ತುತ್ತದೋ ಅದು ಅದರ ಅಕ್ಷ. ಅಪ್ಪಟ ಆಫ್‌ಬ್ರೇಕಿನಲ್ಲಿ ಆ ಅಕ್ಷ ಪಿಚ್ಚಿನ ಉದ್ದಕ್ಕೆ, ಬ್ಯಾಟ್ಸ್‌ಮನ್ ಕಡೆಗೇ ಮುಖ ಮಾಡಿರುತ್ತದೆ. ಚೆಂಡು ಹೋಗುವ ದಿಕ್ಕೂ ಅಕ್ಷದ ದಿಕ್ಕೂ ಒಂದೇ ಆಗಿದ್ದಾಗ ಪಕ್ಕದ ತಳ್ಳು ಹುಟ್ಟುವುದೇ ಇಲ್ಲ. ಎಷ್ಟೇ ಜೋರಾಗಿ ಸುತ್ತಿಸಿ, ಗಾಳಿಗೆ ಎರಡೂ ಬದಿ ಒಂದೇ. ಹಾಗಾದರೆ ಆಫ್‌ಸ್ಪಿನ್ನರನ ಚೆಂಡು ಗಾಳಿಯಲ್ಲಿ ಸರಿಯಬಾರದು. ಆದರೂ ಸರಿಯುತ್ತದೆ, ಬಲಗೈ ಬ್ಯಾಟ್ಸ್‌ಮನ್‌ನಿಂದ ದೂರಕ್ಕೆ, ಸ್ಲಿಪ್ ಕಡೆಗೆ ಸರಿದು ಆಮೇಲೆ ನೆಲಕ್ಕೆ ಬಿದ್ದು ಒಳಕ್ಕೆ ತಿರುಗುತ್ತದೆ. ಇದು ಹೇಗೆ?

ಬುಗುರಿ ಜೋರಾಗಿ ತಿರುಗುವಾಗ ಅದರ ಮೊಳೆ ಒಂದೇ ದಿಕ್ಕು ಹಿಡಿದು ನಿಲ್ಲುವುದನ್ನು ಎಲ್ಲರೂ ನೋಡಿದ್ದೇವೆ. ಸುತ್ತುವ ಚೆಂಡಿನ ಅಕ್ಷವೂ ಹಾಗೇ, ಹೊರಟಾಗ ಎತ್ತ ಮುಖ ಮಾಡಿತ್ತೋ ಕೊನೆಯವರೆಗೂ ಅತ್ತಲೇ. ಆದರೆ ಚೆಂಡಿನ ದಾರಿ ಹಾಗಿರುವುದಿಲ್ಲ. ಮೊದಲು ತುಸು ಮೇಲಕ್ಕೆ ಹೋಗಿ, ಮಟ್ಟವಾಗಿ, ಆಮೇಲೆ ಕೆಳಕ್ಕೆ ಬಾಗುತ್ತದೆ. ದಾರಿ ಬಾಗಿತು, ಅಕ್ಷ ಬಾಗಲಿಲ್ಲ. ಇವೆರಡರ ನಡುವೆ ಕೋನ ಹುಟ್ಟಿತು. ಆ ಕೋನದ ಜೊತೆ ಪಕ್ಕದ ತಳ್ಳೂ ಹುಟ್ಟುತ್ತದೆ, ಚೆಂಡು ಇಳಿದಷ್ಟೂ ಬೆಳೆಯುತ್ತದೆ. ಮೇಲೆ ಹೇಳಿದ ಅಂಕಿಗಳನ್ನೇ ಇಟ್ಟು ಅಕ್ಷವನ್ನು ಮಾತ್ರ ಬದಲಿಸಿದರೆ, ಹಾರಾಟದ ಮೊದಲ ಮೂರನೇ ಎರಡು ಪಾಲಿನಲ್ಲಿ ಚೆಂಡು ಪಕ್ಕಕ್ಕೆ ಒಂದು ಸೆಂಟಿಮೀಟರೂ ಸರಿಯುವುದಿಲ್ಲ. ಕೈಬಿಟ್ಟ ಕೂಡಲೆ, ಇನ್ನೂ ಏರುತ್ತಿರುವಾಗ, ಕಣ್ಣಿಗೆ ಕಾಣದಷ್ಟು ಸ್ವಲ್ಪ ಎದುರು ದಿಕ್ಕಿಗೇ ಸರಿಯುತ್ತದೆ. ಕೊನೆಯ ಮೂರನೇ ಪಾಲಿನಲ್ಲಿ ಮೂರು ಸೆಂಟಿಮೀಟರ್ ದಾಟುತ್ತದೆ, ಒಟ್ಟು ನಾಲ್ಕರ ಹತ್ತಿರ. ಬ್ಯಾಟಿನ ಗರಿಷ್ಠ ಅಗಲ 10.8 ಸೆಂಟಿಮೀಟರ್. ನಟ್ಟನಡುವಿನಿಂದ ಅಂಚಿಗೆ 5.4. ನಡುವಿಗೇ ಹೊಡೆಯುತ್ತೇನೆಂದು ಬ್ಯಾಟ್ ತಂದವನ ಚೆಂಡು ಅಂಚಿನ ಸನಿಹಕ್ಕೆ ಹೋಗಲು ಈ ನಾಲ್ಕು ಸೆಂಟಿಮೀಟರ್ ಸಾಕು. ಅದೂ ಕೊನೆಯ ಕಾಲು ಸೆಕೆಂಡಿನಲ್ಲಿ, ಬ್ಯಾಟ್ ಆಗಲೇ ಇಳಿಯುತ್ತಿರುವಾಗ. ಚೆಂಡನ್ನು ಎತ್ತರಕ್ಕೆ ತೂರಿದರೆ ಇಳಿಯುವ ಕೋನ ಹೆಚ್ಚುತ್ತದೆ, ಸರಿಯುವುದೂ ಹೆಚ್ಚುತ್ತದೆ. ‘ಫ್ಲೈಟ್ ಕೊಡಬೇಕು’ ಎಂದು ಹಳೆಯ ಕೋಚುಗಳು ಬಡಿದುಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ.

ಈ ಲೆಕ್ಕವನ್ನು ವಿವರವಾಗಿ ಮಾಡಿದವರಲ್ಲಿ ಆಸ್ಟ್ರೇಲಿಯಾದ ಗ್ಯಾರಿ ರಾಬಿನ್ಸನ್ ಮತ್ತು ಇಯಾನ್ ರಾಬಿನ್ಸನ್ ಎಂಬ ಭೌತವಿಜ್ಞಾನಿಗಳಿದ್ದಾರೆ. ಯಾವ ದಿಕ್ಕಿಗೆ ಬೇಕಾದರೂ ಅಕ್ಷವಿರುವ ಚೆಂಡಿಗೆ ಹೊಂದುವ ಸಮೀಕರಣಗಳನ್ನು ಅವರು 2013ರಲ್ಲಿ ಪ್ರಕಟಿಸಿದರು, ಬೀಸುವ ಗಾಳಿಯನ್ನೂ ಸೇರಿಸಿದರು. ನಮ್ಮ ಸೀಮೆಯ ಬಟಾಬಯಲಿನಲ್ಲಿ ಆಡುವವರಿಗೆ ಈ ಬೀಸುಗಾಳಿ ಮುಖ್ಯ. ಚೆಂಡಿಗೆ ತಾಗುವ ಗಾಳಿ ಎಷ್ಟು ಎಂಬುದೇ ಲೆಕ್ಕ. ಎದುರುಗಾಳಿಯಲ್ಲಿ ಎಸೆದ ಟಾಪ್‌ಸ್ಪಿನ್ ಇನ್ನೂ ಬೇಗ ಕುಸಿಯುತ್ತದೆ, ಹಿಂಗಾಳಿಯಲ್ಲಿ ಎಸೆದದ್ದು ಮುಂದೆ ಸಾಗುತ್ತದೆ. ಪಂದ್ಯದಲ್ಲಿ ಯಾವ ತುದಿಯಿಂದ ಯಾರು ಎಸೆಯಬೇಕು ಎಂದು ನಾಯಕ ನಿರ್ಧರಿಸುವಾಗ ಧೂಳು ತೂರಿ ನೋಡುವುದರಲ್ಲಿ ಅರ್ಥವಿದೆ.

ಗಾಳಿಯ ದಟ್ಟಣೆಯೂ ಲೆಕ್ಕಕ್ಕೆ ಬರುತ್ತದೆ. ನಾನು ಕೊಟ್ಟ ಅಂಕಿಗಳು ಸಮುದ್ರಮಟ್ಟದ ಗಾಳಿಯವು. ನಮ್ಮದು ಸುಮಾರು 600 ಮೀಟರ್ ಎತ್ತರದ ಸೀಮೆ, ಇಲ್ಲಿ ಗಾಳಿ ಶೇಕಡಾ 7ರಷ್ಟು ತೆಳು. ಬೆಂಗಳೂರಿನಲ್ಲಿ ಇನ್ನೂ ತೆಳು, ಶೇಕಡಾ 10ರ ಆಸುಪಾಸು. ಮೇ ತಿಂಗಳ 42 ಡಿಗ್ರಿಯ ಮಧ್ಯಾಹ್ನದ ಗಾಳಿಗಿಂತ ಚಳಿಗಾಲದ 15 ಡಿಗ್ರಿಯ ಬೆಳಗಿನ ಗಾಳಿ ಶೇಕಡಾ 9ರಷ್ಟು ದಟ್ಟ. ಅರ್ಧ ಮೀಟರಿನ ಇಳಿತದಲ್ಲಿ ಇದು ನಾಲ್ಕು ಸೆಂಟಿಮೀಟರಿನ ಮಾತು. ‘ಹವಾ ಹಸಿ ಆಗ್ಯಾದ, ಗಾಳಿ ಭಾರ ಅದ’ ಎನ್ನುವುದು ಮಾತ್ರ ತಪ್ಪು. ತೇವ ತುಂಬಿದ ಗಾಳಿ ಒಣ ಗಾಳಿಗಿಂತ ತುಸು ಹಗುರವೇ.

ಇಷ್ಟೆಲ್ಲ ಹೇಳಿದ ಮೇಲೆ ಈ ಲೆಕ್ಕದ ದುರ್ಬಲ ಜಾಗವನ್ನೂ ತೋರಿಸಬೇಕು. ಪಕ್ಕದ ತಳ್ಳು ಎಷ್ಟು ಎಂಬ ಗುಣಾಂಕವನ್ನು ಯಾವ ಸೂತ್ರವೂ ತಾನಾಗಿ ಕೊಡುವುದಿಲ್ಲ, ಗಾಳಿ ಸುರಂಗದಲ್ಲಿ ಅಳೆದೇ ತಿಳಿಯಬೇಕು. ಚೆಂಡಿನ ಹೊಲಿಗೆ, ಹಳೆಯದಾಗಿ ಒರಟಾದ ಮೈ, ಟೆನಿಸ್ ಚೆಂಡಿನ ನವಿರು ಎಲ್ಲವೂ ಅದನ್ನು ಬದಲಿಸುತ್ತವೆ. ತೀರ ನುಣುಪಾದ ಚೆಂಡು ಕೆಲವು ವೇಗಗಳಲ್ಲಿ ಮ್ಯಾಗ್ನಸ್ ಹೇಳಿದ್ದಕ್ಕೆ ವಿರುದ್ಧ ದಿಕ್ಕಿಗೇ ಬಾಗುತ್ತದೆ. ಹೊಲಿಗೆ ಚೆಂಡಿನ ಸ್ವಿಂಗ್ ಮೇಲೆ ಐಐಟಿ ಕಾನ್ಪುರದಲ್ಲಿ ಸಂಜಯ್ ಮಿತ್ತಲ್ ಮತ್ತು ಸಂಗಡಿಗರು ಇಂಥ ಪ್ರಯೋಗ ನಡೆಸಿ 2018ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಚರ್ಮದ ಚೆಂಡಿಗೆ ನಾನು ಬಳಸಿದ ಗುಣಾಂಕಗಳು, ತಡೆಗೆ 0.45 ಮತ್ತು ತಳ್ಳಿಗೆ 0.27, ಸುಮಾರು ಬೆಲೆಗಳು. ಹಾಗಾಗಿ ನನ್ನ ಒಂದೂವರೆ ಮೀಟರ್ ನಿಮ್ಮ ಚೆಂಡಿಗೆ ಒಂದೂಕಾಲು ಆಗಬಹುದು, ಒಂದೂಮುಕ್ಕಾಲೂ ಆಗಬಹುದು. ದಿಕ್ಕು ಬದಲಾಗುವುದಿಲ್ಲ, ಕೊನೆಯ ಪಾಲಿನಲ್ಲೇ ಹೆಚ್ಚು ಸರಿಯುತ್ತದೆ ಎಂಬುದೂ ಬದಲಾಗುವುದಿಲ್ಲ.

ಸುತ್ತನ್ನು ಅಳೆಯುವುದು ಹೇಗೆ ಎಂದು ನಿಲಂಗಾದ ಕಡೆಯ ಶಿಕ್ಷಕರೊಬ್ಬರು ಕೇಳಿದ್ದರು. ಸ್ಕಾಟ್ಲೆಂಡಿನ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲಿ ಗಾಲ್ಫ್ ಚೆಂಡಿಗೆ ಹಗುರವಾದ ಒಂದು ಪಟ್ಟಿ ಅಂಟಿಸಿ ಹೊಡೆಸಿದ, ಚೆಂಡು ಬಿದ್ದ ಮೇಲೆ ಪಟ್ಟಿ ಎಷ್ಟು ಸಲ ಹುರಿಗೊಂಡಿದೆ ಎಂದು ಎಣಿಸಿದ. ಸುತ್ತುವ ಗೋಳದ ದಾರಿಯ ಮೇಲೆ ಅವನು ಬರೆದ ಪ್ರಬಂಧಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಅವನ ಮಗ ಫ್ರೆಡ್ಡಿ ಗಾಲ್ಫ್ ಚಾಂಪಿಯನ್ ಆಗಿದ್ದ, ಪ್ರಯೋಗಕ್ಕೆ ಮನೆಯಲ್ಲೇ ಪ್ರೇರಣೆ ಇತ್ತು. ಇವತ್ತು ಪಟ್ಟಿಯ ಗೊಡವೆ ಬೇಡ. ಟೆನಿಸ್ ಚೆಂಡಿನ ಅರ್ಧಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. ಬಹಳಷ್ಟು ಮೊಬೈಲುಗಳ ಸ್ಲೋ ಮೋಶನ್ನಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯಬಹುದು. ಕಪ್ಪು ಭಾಗ ಒಮ್ಮೆ ಕಂಡು ಮತ್ತೆ ಅದೇ ಜಾಗಕ್ಕೆ ಬರಲು ಹನ್ನೆರಡು ಚಿತ್ರ ಹಿಡಿದರೆ ಸುತ್ತು ಸೆಕೆಂಡಿಗೆ 20. ಹಗುರ ಚೆಂಡಿಗೆ ಅಷ್ಟು ಸಾಕು. ಚರ್ಮದ ಚೆಂಡಿನಲ್ಲಿ 35 ಸುತ್ತು ಮಾಡುವ ಕೆಲಸವನ್ನು ಇದು 20ಕ್ಕೇ ಮಾಡಿಬಿಡುತ್ತದೆ, ಏಕೆಂದರೆ ತಳ್ಳುವ ಬಲ ಕಡಿಮೆಯಾದರೂ ತಳ್ಳಿಸಿಕೊಳ್ಳುವ ತೂಕ ಅದಕ್ಕಿಂತಲೂ ಕಡಿಮೆ. ಕ್ಯಾಮೆರಾವನ್ನು ಪಿಚ್ಚಿನ ಪಕ್ಕದಲ್ಲಿ ಸ್ಟ್ಯಾಂಡಿಗೆ ಕಟ್ಟಿ, ನೆಲದ ಮೇಲೆ ಒಂದೊಂದು ಮೀಟರಿಗೆ ಸುಣ್ಣದ ಗೆರೆ ಎಳೆದುಕೊಂಡರೆ ವೇಗವೂ ಸಿಗುತ್ತದೆ, ಚೆಂಡು ಬೀಳುವ ಜಾಗವೂ ಸಿಗುತ್ತದೆ. ಚೆಂಡನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ. ಪಂದ್ಯಗಳಿಗೆ ಬಳಸುವ ಭಾರದ ಟೆನಿಸ್ ಚೆಂಡಾದರೆ 57 ಗ್ರಾಮಿನ ಲೆಕ್ಕ ಹೊಂದುವುದಿಲ್ಲ. ಮೊದಲು ಸುತ್ತಿಲ್ಲದೆ ಎಸೆದು ತಡೆಯ ಗುಣಾಂಕವನ್ನು ಸರಿಮಾಡಿಕೊಳ್ಳಿ, ಆಮೇಲೆ ಟಾಪ್‌ಸ್ಪಿನ್ ಎಸೆದು ತಳ್ಳಿನ ಗುಣಾಂಕ ಹುಡುಕಿ. ಹಾಳೆಯ ಚೆಂಡು ಬೀಳುವ ಜಾಗಕ್ಕೂ ಹೊಲದ ಚೆಂಡು ಬೀಳುವ ಜಾಗಕ್ಕೂ ಒಂದು ಗೇಣಿನೊಳಗಿನ ವ್ಯತ್ಯಾಸ ಬರುವ ತನಕ ಅಂಕಿ ತಿದ್ದುತ್ತಾ ಹೋಗಿ. ಯಾವ ಗುಣಾಂಕ ಸಿಕ್ಕಿತು, ಚೆಂಡು ಎಷ್ಟು ಹಳೆಯದು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ನನಗೆ ಬರೆದು ಕಳಿಸಿ. ಹೊಸ ಚೆಂಡಿನ ಅಂಕಿಗಳು ಪುಸ್ತಕಗಳಲ್ಲಿವೆ. ಕರಿಮಣ್ಣಿನಲ್ಲಿ ಆಡಿ ಆಡಿ ನವಿರು ಸವೆದ ಚೆಂಡಿನ ಅಂಕಿ ನಿಮ್ಮ ಹೊಲದಿಂದಲೇ ಬರಬೇಕು.